ಬೆಳಕಿನ ಪಯಣ ಎಷ್ಟು ಹೊತ್ತಿನದು, ಯಾರ ಗಡಿಯಾರದಲ್ಲಿ?

ಸೂರ್ಯನಿಂದ ಹೊರಟ ಬೆಳಕು ಭೂಮಿ ಮುಟ್ಟಲು 8 ನಿಮಿಷ 19 ಸೆಕೆಂಡು ಬೇಕು ಎಂಬುದು ಶಾಲೆಯ ಮಕ್ಕಳಿಗೂ ಬಾಯಿಪಾಠವಾದ ಲೆಕ್ಕ. ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಿಂದ ಭಾಗಿಸಿದರೆ ಉತ್ತರ ಬರುತ್ತದೆ. ಲೆಕ್ಕ ಸರಿಯೇ, ಆದರೆ ಅದು ಒಂದು ಮಾತನ್ನು ಹೇಳದೆ ಬಿಟ್ಟಿದೆ. ಬೆಳಕು ಹೊರಟ ಗಳಿಗೆಯನ್ನು ಗುರುತಿಸಬೇಕಾದ ಜಾಗ ಒಂದು, ತಲುಪಿದ ಗಳಿಗೆಯನ್ನು ಗುರುತಿಸಬೇಕಾದ ಜಾಗ ಇನ್ನೊಂದು. ಹಾಗಾಗಿ ಗಡಿಯಾರಗಳೂ ಎರಡು ಬೇಕು, ಅವೆರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಹೊಂದಿಸಿದವರು ಯಾವ ವೇಗದಲ್ಲಿ ಚಲಿಸುತ್ತಿದ್ದಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ತಿರುಳು ಇರುವುದು ಇಲ್ಲೇ. ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂಬ ಅದರ ಮಾತು ಜಗತ್ಪ್ರಸಿದ್ಧ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಕ್ಕಿಲ್ಲ: ವೇಗ ಎಲ್ಲರಿಗೂ ಒಂದೇ ಆಗಿರಬೇಕಾದರೆ, ಪಯಣದ ಹೊತ್ತು ಎಲ್ಲರಿಗೂ ಒಂದೇ ಆಗಿರಲು ಸಾಧ್ಯವಿಲ್ಲ.

ಬೆಳಕಿಗೂ ಪಯಣದ ಹೊತ್ತು ಎಂಬುದುಂಟು ಎಂದು ಮೊದಲು ತೋರಿಸಿಕೊಟ್ಟವನು ಡೆನ್ಮಾರ್ಕಿನ ಓಲೆ ರೋಮರ್. ಪ್ಯಾರಿಸ್ ವೀಕ್ಷಣಾಲಯದಲ್ಲಿದ್ದ ಆತ ಗುರುಗ್ರಹದ ಚಂದ್ರ ಅಯೋಗೆ ಹಿಡಿಯುವ ಗ್ರಹಣಗಳ ಲೆಕ್ಕ ಇಡುತ್ತಿದ್ದ. ಅಯೋ ಸುಮಾರು ನಲವತ್ತೆರಡೂವರೆ ಗಂಟೆಗೊಮ್ಮೆ ಗುರುವನ್ನು ಸುತ್ತುತ್ತದೆ, ಪ್ರತಿ ಸುತ್ತಿನಲ್ಲೂ ಗುರುವಿನ ನೆರಳಿಗೆ ಸಿಕ್ಕಿ ಮರೆಯಾಗಿ ಮತ್ತೆ ಬೆಳಗುತ್ತದೆ. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಈ ಗ್ರಹಣಗಳು ತಡವಾಗುತ್ತ ಹೋಗುತ್ತಿದ್ದವು, ಹತ್ತಿರ ಬರುವ ತಿಂಗಳುಗಳಲ್ಲಿ ಬೇಗ ಕಾಣುತ್ತಿದ್ದವು. 1676ರ ನವೆಂಬರ್ 9ರಂದು ಅಯೋ ನೆರಳಿನಿಂದ ಹೊರಬರುವುದು ಹತ್ತು ನಿಮಿಷ ತಡವಾಗುತ್ತದೆ ಎಂದು ರೋಮರ್ ಮುಂಚೆಯೇ ಸಾರಿದ, ಹಾಗೆಯೇ ಆಯಿತು. ಭೂಮಿಯ ಕಕ್ಷೆಯ ವ್ಯಾಸವನ್ನು ದಾಟಲು ಬೆಳಕಿಗೆ 22 ನಿಮಿಷ ಬೇಕೆಂದು ಆತ ಅಂದಾಜಿಸಿದ್ದ. ಇಂದಿನ ಲೆಕ್ಕದಲ್ಲಿ ಅದು 16 ನಿಮಿಷ 38 ಸೆಕೆಂಡು. ರೋಮರ್ ಪಾಲಿಗೆ ಅಯೋ ದೂರದ ಒಂದು ಗಡಿಯಾರ. ಆ ಗಡಿಯಾರವೂ ಪ್ಯಾರಿಸ್ಸಿನ ಗಡಿಯಾರವೂ ಒಂದೇ ಕಾಲವನ್ನು ತೋರಿಸುತ್ತವೆ ಎಂದು ಆತ ಒಪ್ಪಿಕೊಂಡೇ ಮುಂದುವರಿದ. ಮುಂದಿನ ಇನ್ನೂರು ವರ್ಷ ಆ ಒಪ್ಪಿಗೆ ಯಾರ ಕಣ್ಣಿಗೂ ಬೀಳಲಿಲ್ಲ.

1849ರಲ್ಲಿ ಫ್ರಾನ್ಸಿನ ಇಪ್ಪೊಲಿತ್ ಫಿಜೊ ಬೇರೆ ದಾರಿ ಹಿಡಿದ. ಪ್ಯಾರಿಸ್ ಹೊರವಲಯದ ಸ್ಯುರೆನ್‌ನಿಂದ ಮೋಂಮಾರ್ತ್ರ್ ಗುಡ್ಡಕ್ಕೆ 8,633 ಮೀಟರ್. ವೇಗವಾಗಿ ತಿರುಗುವ, 720 ಹಲ್ಲುಗಳ ಚಕ್ರದ ಸಂದಿಯಿಂದ ಹೊರಟ ಬೆಳಕು ಅಷ್ಟು ದೂರದ ಕನ್ನಡಿಗೆ ಬಡಿದು ಮರಳಿ ಅದೇ ಚಕ್ರಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಸಂದಿಯ ಜಾಗಕ್ಕೆ ಹಲ್ಲು ಬಂದಿದ್ದರೆ ಬೆಳಕು ಮಾಯ. ಫಿಜೊ ಪಡೆದ ವೇಗ ಈಗಿನ ಬೆಲೆಗಿಂತ ಸುಮಾರು ಶೇ 5ರಷ್ಟು ಹೆಚ್ಚಾಗಿತ್ತು. ಆ ಅಂಕಿಗಿಂತ ಮುಖ್ಯವಾದ ಸಂಗತಿ ಈ ಪ್ರಯೋಗದ ರಚನೆಯಲ್ಲಿದೆ: ಬೆಳಕು ಹೊರಟದ್ದೂ ಮರಳಿದ್ದೂ ಒಂದೇ ಜಾಗಕ್ಕೆ, ಗಡಿಯಾರವೂ ಒಂದೇ. ಹೋಗಿಬರುವ ಪಯಣದ ಹೊತ್ತನ್ನು ಅಳೆಯಲು ಯಾವ ಗಡಿಯಾರವನ್ನೂ ಇನ್ನೊಂದರೊಡನೆ ಹೊಂದಿಸಬೇಕಿಲ್ಲ. ಒಂದೇ ದಿಕ್ಕಿನ ಪಯಣಕ್ಕೆ ಈ ಸೌಲಭ್ಯವಿಲ್ಲ.

ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಬೆಳಕನ್ನು ಅಲೆಯೆಂದು ಒಪ್ಪಿದ್ದರು. ಅಲೆಗೆ ಮಾಧ್ಯಮ ಬೇಕಲ್ಲವೇ ಎಂದು ಈಥರ್ ಎಂಬ ಕಾಣದ ಮಾಧ್ಯಮವನ್ನು ಜಗತ್ತಿಗೆಲ್ಲ ತುಂಬಿದ್ದರು. ಭೂಮಿ ಸೂರ್ಯನನ್ನು ಸುತ್ತುವುದು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ, ಅಂದರೆ ಬೆಳಕಿನ ವೇಗದ ಹತ್ತುಸಾವಿರದಲ್ಲೊಂದು ಪಾಲು. ಈಥರ್ ಇದ್ದದ್ದೇ ಆದರೆ ಭೂಮಿಯ ಚಲನೆಯ ನೇರಕ್ಕೆ ಹೋಗಿಬರುವ ಬೆಳಕಿಗೆ, ಅಡ್ಡಲಾಗಿ ಅಷ್ಟೇ ದೂರ ಹೋಗಿಬರುವ ಬೆಳಕಿಗಿಂತ ತುಸು ಹೆಚ್ಚು ಹೊತ್ತು ಹಿಡಿಯಬೇಕು. ಆಲ್ಬರ್ಟ್ ಮೈಕೆಲ್ಸನ್ ಮತ್ತು ಎಡ್ವರ್ಡ್ ಮಾರ್ಲಿ 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹುಡುಕಿದ್ದು ಈ ತುಸುವನ್ನೇ. ಪಾದರಸದ ಮೇಲೆ ತೇಲುವ ಕಲ್ಲಿನ ಹಾಸು, ಅದರ ಮೇಲೆ ಕನ್ನಡಿಗಳು, ಅವುಗಳ ನಡುವೆ ಹಲವು ಬಾರಿ ಪ್ರತಿಫಲಿಸಿ ಒಟ್ಟು ಸುಮಾರು 11 ಮೀಟರ್ ಉದ್ದದ ತೋಳಾಗುವ ಬೆಳಕಿನ ದಾರಿ. ನಿರೀಕ್ಷಿತ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಒಂದು ಸೆಕೆಂಡನ್ನು ಕೋಟಿ ಭಾಗ ಮಾಡಿ, ಆ ಒಂದೊಂದನ್ನೂ ಮತ್ತೆ ನೂರು ಕೋಟಿ ಭಾಗ ಮಾಡಿದರೆ ಸಿಗುವ ಚೂರುಗಳಲ್ಲಿ ಸುಮಾರು ನಾಲ್ಕು. ಅದನ್ನು ಅಳೆಯುವ ಗಡಿಯಾರ ಆಗ ಎಲ್ಲಿಯದು? ಎರಡು ಕಿರಣಗಳು ಸೇರಿದಾಗ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳು ಎಷ್ಟು ಸರಿಯುತ್ತವೆ ಎಂಬುದನ್ನೇ ಅಳತೆ ಮಾಡಿಕೊಂಡರು. ಒಂದು ಪಟ್ಟೆಯ ಅಗಲದ 0.4ರಷ್ಟು ಸರಿತ ಕಾಣಬೇಕಿತ್ತು. ಕಂಡದ್ದು ಅದರ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ.

ಐರ್ಲೆಂಡಿನ ಫಿಟ್ಜೆರಾಲ್ಡ್ 1889ರಲ್ಲಿ, ಹಾಲೆಂಡಿನ ಲೊರೆಂಟ್ಜ್ 1892ರಲ್ಲಿ, ಚಲಿಸುವ ವಸ್ತು ಚಲನೆಯ ದಿಕ್ಕಿನಲ್ಲಿ ಕುಗ್ಗುತ್ತದೆ ಎಂದುಕೊಂಡರೆ ಈ ಶೂನ್ಯಕ್ಕೆ ಸಮಾಧಾನ ಸಿಗುತ್ತದೆ ಎಂದರು. ಸೂತ್ರ ಸರಿಯಾಗಿತ್ತು, ಕಾರಣ ಮಾತ್ರ ಈಥರಿನಲ್ಲೇ ಸಿಲುಕಿಕೊಂಡಿತ್ತು. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ 1900ರ ಹೊತ್ತಿಗೆ, ದೂರದ ಗಡಿಯಾರಗಳನ್ನು ಬೆಳಕಿನ ಸಂಕೇತದಿಂದ ಹೊಂದಿಸುವ ಬಗೆಯನ್ನು ವಿವರಿಸಿದ್ದ. ಆದರೂ ಈಥರನ್ನು ಕೈಬಿಡಲಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದ ಐನ್‌ಸ್ಟೈನ್ ಕೈಬಿಟ್ಟ. ಆತನ ಬುನಾದಿ ಎರಡೇ ಮಾತು. ಒಂದೇ ವೇಗದಲ್ಲಿ ನೇರ ಚಲಿಸುವ ಎಲ್ಲ ಚೌಕಟ್ಟುಗಳಲ್ಲೂ ನಿಸರ್ಗದ ನಿಯಮಗಳು ಒಂದೇ. ಬೆಳಕಿನ ಮೂಲ ಹೇಗೇ ಚಲಿಸುತ್ತಿರಲಿ, ನಿರ್ವಾತದಲ್ಲಿ ಬೆಳಕಿನ ವೇಗ ಒಂದೇ. ಎರಡನೆಯ ಮಾತಿಗೆ ನೇರ ಪುರಾವೆ ಬೇಕೆನ್ನುವವರಿಗೆ ಸರ್ನ್ ಸಂಶೋಧನಾ ಕೇಂದ್ರದ 1964ರ ಪ್ರಯೋಗವಿದೆ: ಬೆಳಕಿನ ವೇಗದ ಶೇ 99.975ರಷ್ಟು ವೇಗದಲ್ಲಿ ಓಡುತ್ತಿದ್ದ ಪಯಾನ್ ಕಣಗಳು ಒಡೆದು ಮುಂದಕ್ಕೆ ಚಿಮ್ಮಿಸಿದ ಗಾಮಾ ಕಿರಣಗಳು ಬೆಳಕಿನ ವೇಗದಲ್ಲೇ ಬಂದವು, ಅದರ ಇಮ್ಮಡಿಯಲ್ಲಿ ಬರಲಿಲ್ಲ.

ಚೌಕಟ್ಟು ಎಂದರೆ ಇಲ್ಲಿ ಅಳತೆಯ ಏರ್ಪಾಡು: ಒಟ್ಟಿಗೆ ಚಲಿಸುವ ಅಳತೆಗೋಲುಗಳು ಮತ್ತು ಪರಸ್ಪರ ಹೊಂದಿಸಿದ ಗಡಿಯಾರಗಳ ಒಂದು ಬಳಗ. ಹೊಂದಿಸುವುದು ಹೇಗೆ? ಐನ್‌ಸ್ಟೈನ್ ಕೊಟ್ಟ ವಿಧಾನ ಸರಳ. ಮೊದಲ ಗಡಿಯಾರದಿಂದ ಬೆಳಕನ್ನು ಕಳಿಸಿ, ಎರಡನೆಯದರ ಬಳಿಯ ಕನ್ನಡಿಯಿಂದ ವಾಪಸು ಪಡೆಯಬೇಕು. ಹೋಗಿಬರಲು ಹಿಡಿದ ಹೊತ್ತಿನ ಸರಿಯಾಗಿ ಅರ್ಧದಲ್ಲಿ ಬೆಳಕು ಕನ್ನಡಿಯನ್ನು ಮುಟ್ಟಿತೆಂದು ತಿಳಿದು ಎರಡನೆಯ ಗಡಿಯಾರವನ್ನು ತಿದ್ದಬೇಕು. ಹೋಗುವ ಹೊತ್ತೂ ಬರುವ ಹೊತ್ತೂ ಸಮ ಎಂಬುದು ಅಳೆದು ಕಂಡುಕೊಂಡ ಸತ್ಯವಲ್ಲ, ಒಪ್ಪಂದ. ಐನ್‌ಸ್ಟೈನ್ ಇದನ್ನು ವ್ಯಾಖ್ಯೆ ಎಂದೇ ಕರೆದ. ತತ್ತ್ವಜ್ಞಾನಿ ಹಾನ್ಸ್ ರೈಶೆನ್‌ಬಾಕ್ 1920ರ ದಶಕದಲ್ಲಿ ಈ ಬಗ್ಗೆ ಗ್ರಂಥವನ್ನೇ ಬರೆದ. ಒಂದು ದಿಕ್ಕಿನ ವೇಗವನ್ನು ಅಳೆಯಲು ಹೊಂದಿಸಿದ ಗಡಿಯಾರ ಬೇಕು, ಗಡಿಯಾರ ಹೊಂದಿಸಲು ಒಂದು ದಿಕ್ಕಿನ ವೇಗ ಗೊತ್ತಿರಬೇಕು. ಈ ಸುತ್ತಿನಿಂದ ಪಾರಾಗುವ ಪ್ರಯೋಗ ಇದುವರೆಗೆ ಇಲ್ಲ, ಮುಂದೆ ಸಿಗುತ್ತದೆ ಎಂದು ನಂಬಲು ಕಾರಣವೂ ಇಲ್ಲ.

ಚೌಕಟ್ಟು ಬದಲಾದಾಗ ಏನಾಗುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡುವುದು ಲೇಸು. 300 ಮೀಟರ್ ಉದ್ದದ ನೌಕೆಯೊಂದು ಬಾಹ್ಯಾಕಾಶ ನಿಲ್ದಾಣವೊಂದರ ಪಕ್ಕದಲ್ಲಿ ಬೆಳಕಿನ ವೇಗದ ಶೇ 60ರಷ್ಟು ವೇಗದಲ್ಲಿ ಹಾದುಹೋಗುತ್ತಿದೆ ಎಂದಿಟ್ಟುಕೊಳ್ಳೋಣ. (ಶೇ 60 ಎಂಬ ಆಯ್ಕೆಯ ಹಿಂದೆ ಭೌತಶಾಸ್ತ್ರದ ಗುಟ್ಟೇನೂ ಇಲ್ಲ, ಈ ವೇಗಕ್ಕೆ ವರ್ಗಮೂಲಗಳು ಸಲೀಸಾಗಿ ಬಿಡಿಸಿಕೊಳ್ಳುತ್ತವೆ, ಅಷ್ಟೇ.) ನೌಕೆಯ ಬಾಲದಿಂದ ಮೂತಿಗೆ ಒಂದು ಬೆಳಕಿನ ಮಿಡಿತ ಹೊರಡುತ್ತದೆ. ನೌಕೆಯೊಳಗಿನವರ ಲೆಕ್ಕ ಒಂದೇ ಸಾಲಿನದು: 300 ಮೀಟರ್, ಬೆಳಕಿನ ವೇಗ, ಒಂದು ಮೈಕ್ರೊಸೆಕೆಂಡ್.

ನಿಲ್ದಾಣದವರಿಗೆ ನೌಕೆಯ ಉದ್ದ 300 ಮೀಟರ್ ಅಲ್ಲ, 240. ಬೆಳಕು ಹೊರಟ ಮೇಲೆ ಮೂತಿ ಸುಮ್ಮನೆ ನಿಂತಿರುವುದಿಲ್ಲ, ಓಡುತ್ತಲೇ ಇರುತ್ತದೆ. ಬೆಳಕಿಗೂ ಮೂತಿಗೂ ನಡುವಿನ ಅಂತರ ಸೆಕೆಂಡಿಗೆ 3 ಲಕ್ಷದಿಂದ 1.8 ಲಕ್ಷ ಕಳೆದರೆ ಉಳಿಯುವ 1.2 ಲಕ್ಷ ಕಿಲೋಮೀಟರಿನಂತೆ ಕರಗುತ್ತದೆ. 240 ಮೀಟರ್ ಕರಗಲು ಎರಡು ಮೈಕ್ರೊಸೆಕೆಂಡ್ ಬೇಕು. ಅಷ್ಟರಲ್ಲಿ ಬೆಳಕು ಸಾಗಿದ ದೂರ 600 ಮೀಟರ್. ಒಂದೇ ಬೆಳಕು, ಅದೇ ಎರಡು ಘಟನೆಗಳು. ಒಬ್ಬರಿಗೆ ಒಂದು ಮೈಕ್ರೊಸೆಕೆಂಡ್, ಇನ್ನೊಬ್ಬರಿಗೆ ಎರಡು. ಆದರೆ 300 ಮೀಟರನ್ನು ಒಂದರಿಂದ ಭಾಗಿಸಿದರೂ 600 ಮೀಟರನ್ನು ಎರಡರಿಂದ ಭಾಗಿಸಿದರೂ ಬರುವ ವೇಗ ಒಂದೇ. ಸಾಪೇಕ್ಷತೆಯನ್ನು ಅಲ್ಲಗಳೆಯಲು ಹೊರಟವರು ಬಹಳ ಸಲ ಮುಗ್ಗರಿಸುವುದು ಆ 1.2 ಲಕ್ಷದ ಅಂಕಿಯ ಮೇಲೆ. ಬೆಳಕಿನ ವೇಗ ಕಡಿಮೆಯಾಯಿತಲ್ಲ ಎಂಬುದು ಅವರ ವಾದ. ಅದು ಬೆಳಕಿನ ವೇಗವೇ ಅಲ್ಲ. ಚಲಿಸುವ ಎರಡು ವಸ್ತುಗಳ ನಡುವಿನ ಅಂತರ ಮೂರನೆಯವರ ಲೆಕ್ಕದಲ್ಲಿ ಕರಗುವ ದರ. ಬೆಳಕಿನ ವೇಗವನ್ನು ಮೀರಬಾರದೆಂಬ ಕಟ್ಟುಪಾಡು ಅದಕ್ಕಿಲ್ಲ.

ಮೂತಿಯ ಕನ್ನಡಿಗೆ ಬಡಿದ ಬೆಳಕು ಬಾಲದ ಕಡೆ ಮರಳುವಾಗ ಬಾಲವೇ ಎದುರಿಗೆ ಬರುತ್ತಿರುತ್ತದೆ. ಈಗ ಅಂತರ ಕರಗುವ ದರ ಸೆಕೆಂಡಿಗೆ 4.8 ಲಕ್ಷ ಕಿಲೋಮೀಟರ್. ನಿಲ್ದಾಣದ ಗಡಿಯಾರಗಳಲ್ಲಿ ಈ ಮರುಪಯಣ ಮುಗಿಯುವುದು ಅರ್ಧ ಮೈಕ್ರೊಸೆಕೆಂಡಿನಲ್ಲಿ, ನೌಕೆಯಲ್ಲಿ ಮತ್ತೆ ಒಂದು ಮೈಕ್ರೊಸೆಕೆಂಡಿನಲ್ಲಿ. ಹೋಗುವಾಗ ಇಮ್ಮಡಿ, ಬರುವಾಗ ಅರ್ಧ. ಚಲಿಸುವ ಗಡಿಯಾರ ನಿಧಾನ ಎಂಬ ಜನಪ್ರಿಯ ಸೂತ್ರವೊಂದರಿಂದಲೇ ಈ ಜೋಡಿಯನ್ನು ವಿವರಿಸಲಾಗದು. ಆ ಸೂತ್ರ ದಿಕ್ಕನ್ನು ನೋಡುವುದಿಲ್ಲ.

ದಿಕ್ಕನ್ನು ನೋಡುವುದು ಏಕಕಾಲಿಕತೆಯ ಭೇದ. ನೌಕೆಯವರು ತಮ್ಮ ಬಾಲದ ಮತ್ತು ಮೂತಿಯ ಗಡಿಯಾರಗಳನ್ನು ಐನ್‌ಸ್ಟೈನ್ ವಿಧಾನದಂತೆ ಸರಿಯಾಗಿಯೇ ಹೊಂದಿಸಿಕೊಂಡಿದ್ದಾರೆ. ನಿಲ್ದಾಣದವರ ದೃಷ್ಟಿಯಲ್ಲಿ ಅವು ಹೊಂದಿಕೊಂಡಿಲ್ಲ: ಮೂತಿಯ ಗಡಿಯಾರ ಬಾಲದ ಗಡಿಯಾರಕ್ಕಿಂತ 0.6 ಮೈಕ್ರೊಸೆಕೆಂಡ್ ಹಿಂದಿದೆ. ಜೊತೆಗೆ ಎರಡೂ ಗಡಿಯಾರಗಳು ನಿಧಾನವಾಗಿ, ನಿಲ್ದಾಣದ ಒಂದು ಮೈಕ್ರೊಸೆಕೆಂಡಿಗೆ 0.8ರಂತೆ ನಡೆಯುತ್ತಿವೆ. ನಿಲ್ದಾಣದ ಎರಡು ಮೈಕ್ರೊಸೆಕೆಂಡಿನಲ್ಲಿ ನೌಕೆಯ ಗಡಿಯಾರಗಳು 1.6 ನಡೆದವು, ಮೂತಿಯ ಗಡಿಯಾರ 0.6 ಹಿಂದಿದ್ದದ್ದರಿಂದ ಬೆಳಕು ಮುಟ್ಟಿದಾಗ ಅದರ ಮುಳ್ಳು ಸರಿಯಾಗಿ ಒಂದನ್ನು ತೋರಿಸಿತು. ಮರುಪಯಣದ ಅರ್ಧ ಮೈಕ್ರೊಸೆಕೆಂಡಿನಲ್ಲಿ ಅವು 0.4 ನಡೆದವು, ಬಾಲದ ಗಡಿಯಾರ 0.6 ಮುಂದಿದ್ದದ್ದರಿಂದ ಮತ್ತೆ ಒಂದು. ಉದ್ದದ ಕುಗ್ಗುವಿಕೆ, ಗಡಿಯಾರದ ನಿಧಾನ, ಏಕಕಾಲಿಕತೆಯ ಭೇದ ಎಂಬ ಮೂರೂ ಕೂಡಿದಾಗಲೇ ಲೆಕ್ಕ ತಾಳೆಯಾಗುತ್ತದೆ. ಪಠ್ಯಪುಸ್ತಕಗಳು ಇವನ್ನು ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ವಿದ್ಯಾರ್ಥಿಯನ್ನು ಗೊಂದಲಕ್ಕೆ ದೂಡುವುದುಂಟು. ಅಸಲಿಗೆ ಮೂರೂ ಲೊರೆಂಟ್ಜ್ ಪರಿವರ್ತನೆ ಎಂಬ ಒಂದೇ ಸೂತ್ರದ ಮುಖಗಳು.

ಹೋಗಿಬರುವ ಒಟ್ಟು ಹೊತ್ತು ನೌಕೆಯಲ್ಲಿ 2, ನಿಲ್ದಾಣದಲ್ಲಿ 2.5 ಮೈಕ್ರೊಸೆಕೆಂಡ್. ಹಾಗಾದರೆ ಎಲ್ಲರೂ ಒಪ್ಪುವಂಥದು ಏನೂ ಇಲ್ಲವೇ? ಇದೆ. ಬೆಳಕು ಬಾಲದಿಂದ ಹೊರಟು ಬಾಲಕ್ಕೇ ಮರಳುವಷ್ಟರಲ್ಲಿ ಬಾಲದಲ್ಲಿರುವ ಆ ಒಂದು ಗಡಿಯಾರ ಎರಡು ಮೈಕ್ರೊಸೆಕೆಂಡ್ ನಡೆಯಿತು ಎಂಬುದರಲ್ಲಿ ಯಾವ ಚೌಕಟ್ಟಿನವರಿಗೂ ತಕರಾರಿಲ್ಲ. ನಿಲ್ದಾಣದವರೂ 2.5ನ್ನು 0.8ರಿಂದ ಗುಣಿಸಿ ಅದೇ ಉತ್ತರಕ್ಕೆ ಬರುತ್ತಾರೆ. ಒಂದು ಗಡಿಯಾರ ತಾನಿರುವಲ್ಲೇ ನಡೆದ ಎರಡು ಘಟನೆಗಳ ನಡುವೆ ತೋರಿಸುವ ಕಾಲಕ್ಕೆ ಚೌಕಟ್ಟಿನ ಹಂಗಿಲ್ಲ. ಬೆಳಕು ಹೊರಟ ಮೇಲೆಯೇ ತಲುಪುತ್ತದೆ ಎಂಬ ಅನುಕ್ರಮಕ್ಕೂ ಇಲ್ಲ. ಎಷ್ಟೇ ವೇಗದ ವೀಕ್ಷಕನಿಗೂ ಕಾರ್ಯ ಕಾರಣಕ್ಕಿಂತ ಮೊದಲು ಕಾಣದು.

ಇದೇ ಸೂತ್ರವನ್ನು ಸೂರ್ಯ ಮತ್ತು ಭೂಮಿಗೆ ಹಚ್ಚಬಹುದು. ಸೂರ್ಯನಿಂದ ಭೂಮಿಯತ್ತ ಬೆಳಕಿನ ಶೇ 60ರ ವೇಗದಲ್ಲಿ ಸಾಗುವ ವೀಕ್ಷಕನ ಚೌಕಟ್ಟಿನಲ್ಲಿ ಆ 8 ನಿಮಿಷ 19 ಸೆಕೆಂಡು ಸುಮಾರು 4 ನಿಮಿಷ 10 ಸೆಕೆಂಡಿಗೆ ಇಳಿಯುತ್ತದೆ. ಎದುರು ದಿಕ್ಕಿನಲ್ಲಿ ಸಾಗುವವನಿಗೆ 16 ನಿಮಿಷ 38 ಸೆಕೆಂಡಾಗುತ್ತದೆ. ಬೆಳಕಿನ ದಿಕ್ಕಿನಲ್ಲೇ ವೇಗ ಶೇ 99ಕ್ಕೆ ಏರಿದರೆ ಅದು 35 ಸೆಕೆಂಡು; ಶೇ 99.99ಕ್ಕೆ ಏರಿದರೆ ಮೂರೂವರೆ ಸೆಕೆಂಡು. ಇದನ್ನೇ ಎಳೆದು, ಬೆಳಕಿಗೆ ತನ್ನ ಪಯಣ ಕ್ಷಣವೂ ಅಲ್ಲ, ಅದಕ್ಕೆ ಕಾಲವೇ ಇಲ್ಲ ಎಂದು ಜನಪ್ರಿಯ ಪುಸ್ತಕಗಳು ಹೇಳುತ್ತವೆ. ಕೇಳಲು ಸೊಗಸಾದ ಈ ಮಾತು ಸಿದ್ಧಾಂತಕ್ಕೆ ಒಪ್ಪುವಂಥದಲ್ಲ. ಬೆಳಕಿನ ಜೊತೆಗೇ ಚಲಿಸುವ ಚೌಕಟ್ಟು ಇರಬೇಕಾದರೆ ಅದರಲ್ಲಿ ಬೆಳಕು ನಿಂತಿರಬೇಕು. ಯಾವ ಚೌಕಟ್ಟಿನಲ್ಲೂ ಬೆಳಕು ನಿಲ್ಲುವುದಿಲ್ಲ ಎಂಬುದೇ ಬುನಾದಿಯ ಮಾತು. ಹೊತ್ತು ಸೊನ್ನೆಯ ಕಡೆ ಎಷ್ಟು ಬೇಕಾದರೂ ಸರಿಯಬಹುದು, ಸೊನ್ನೆಯನ್ನು ಮುಟ್ಟುವ ಗಡಿಯಾರ ಮಾತ್ರ ಇಲ್ಲ.

ಬೆಳಕಿನ ವೇಗಕ್ಕೆ ತೀರ ಹತ್ತಿರವಾಗಿ ಓಡುವ ಕಣಗಳಲ್ಲಿ ಈ ಲೆಕ್ಕ ದಿನನಿತ್ಯ ಪರೀಕ್ಷೆಗೆ ಒಳಗಾಗುತ್ತಿದೆ. ವಿಶ್ವಕಿರಣಗಳು ಸುಮಾರು 15 ಕಿಲೋಮೀಟರ್ ಎತ್ತರದ ಗಾಳಿಗೆ ಅಪ್ಪಳಿಸಿದಾಗ ಮ್ಯುಆನ್ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿಗೇ ಅಷ್ಟು ಎತ್ತರದಿಂದ ಇಳಿಯಲು 50 ಮೈಕ್ರೊಸೆಕೆಂಡ್ ಬೇಕು. ಆದರೂ ಅವು ನೆಲ ಮುಟ್ಟುತ್ತವೆ, ನೆಲದೊಳಕ್ಕೂ ಇಳಿಯುತ್ತವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಉಪಕರಣಗಳನ್ನು ಇಳಿಸಿ, ಆಳ ಹೆಚ್ಚಿದಂತೆ ಈ ಕಣಗಳು ಎಷ್ಟೆಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಿದ್ದರು. ಬೆಳಕಿನ ಶೇ 99.8ರ ವೇಗದ ಮ್ಯುಆನಿನ ಚೌಕಟ್ಟಿನಲ್ಲಿ ಆ 15 ಕಿಲೋಮೀಟರ್ ಗಾಳಿಯ ದಪ್ಪ ಒಂದು ಕಿಲೋಮೀಟರಿಗೂ ಕಡಿಮೆ.

ತಿರುಗುವ ಚೌಕಟ್ಟಿನ ಕತೆ ಬೇರೆ. ಫ್ರಾನ್ಸಿನ ಜಾರ್ಜ್ ಸಾನ್ಯಾಕ್ 1913ರಲ್ಲಿ, ತಿರುಗುವ ಮೇಜಿನ ಮೇಲೆ ಎರಡು ದಿಕ್ಕಿಗೆ ಸುತ್ತುಹಾಕಿಸಿದ ಬೆಳಕು ಒಂದೇ ಹೊತ್ತಿಗೆ ಮರಳುವುದಿಲ್ಲ ಎಂದು ತೋರಿಸಿದ. ಭೂಮಿಯೂ ತಿರುಗುವ ಮೇಜೇ. ಸಮಭಾಜಕದ ಗುಂಟ ಭೂಮಿಯನ್ನು ಒಂದು ಸುತ್ತು ಹಾಕಲು ಬೆಳಕಿಗೆ ಸುಮಾರು 0.134 ಸೆಕೆಂಡು ಬೇಕು; ಹೊರಟ ಜಾಗಕ್ಕೇ ಮರಳುವಾಗ ಪೂರ್ವಕ್ಕೆ ಹೋದದ್ದು 207 ನ್ಯಾನೊಸೆಕೆಂಡ್ ತಡವಾಗಿಯೂ ಪಶ್ಚಿಮಕ್ಕೆ ಹೋದದ್ದು ಅಷ್ಟೇ ಬೇಗವಾಗಿಯೂ ಬರುತ್ತದೆ. ಹಾಗಾಗಿ ನೆಲದ ಮೇಲಿನ ಗಡಿಯಾರಗಳನ್ನು ಐನ್‌ಸ್ಟೈನ್ ವಿಧಾನದಲ್ಲಿ ಒಂದಾದ ಮೇಲೊಂದರಂತೆ ಭೂಮಿಯ ಸುತ್ತ ಹೊಂದಿಸುತ್ತ ಬಂದರೆ ಕೊನೆಯದು ಮೊದಲನೆಯದಕ್ಕೆ ಹೊಂದದು.

ಉಪಗ್ರಹಗಳ ಸಂಕೇತದಿಂದ ಸ್ಥಾನ ಗುರುತಿಸುವ ಜಿಪಿಎಸ್ ಮತ್ತು ಭಾರತದ ನಾವಿಕ್ ವ್ಯವಸ್ಥೆಗಳಿಗೆ ಈ ವ್ಯತ್ಯಾಸವನ್ನು ಸರಿದೂಗಿಸುವುದು ನಿತ್ಯದ ಕೆಲಸ. ನಾವಿಕ್ ಉಪಗ್ರಹಗಳಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅವುಗಳ ಸಂಚಾರ ಕೇಂದ್ರ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿದೆ. ಸಂಕೇತ ಇಳಿದುಬರಲು 0.12 ಸೆಕೆಂಡು ಬೇಕು, ಅಷ್ಟರಲ್ಲಿ ಬೆಂಗಳೂರು 50 ಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿದಿರುತ್ತದೆ. ಒಂದು ನ್ಯಾನೊಸೆಕೆಂಡ್ ತಪ್ಪಿದರೆ 30 ಸೆಂಟಿಮೀಟರ್ ತಪ್ಪುತ್ತದೆ. ಆದ್ದರಿಂದ ಪಯಣದ ಹೊತ್ತನ್ನು ಭೂಮಿಯ ಜೊತೆ ತಿರುಗದ, ಭೂಕೇಂದ್ರಕ್ಕೆ ಕಟ್ಟಿದ ಚೌಕಟ್ಟಿನಲ್ಲಿ ಲೆಕ್ಕ ಹಾಕುತ್ತಾರೆ. ಗ್ರಹಗಳ ನಡುವಿನ ಯಾನಕ್ಕೆ ಅದೂ ಸಾಲದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಅದರ ಸಂಕೇತ ಭೂಮಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಇಂಥ ದೂರಕ್ಕೆ ಭೂಮಿಯ ಚೌಕಟ್ಟಿನ ಬದಲು ಸೂರ್ಯನ ಚೌಕಟ್ಟನ್ನು ಆರಿಸಿಕೊಂಡರೆ ಹೊತ್ತು ಗರಿಷ್ಠ 75 ಮಿಲಿಸೆಕೆಂಡಿನಷ್ಟು ಬದಲಾಗಬಹುದು, ಅಂದರೆ 22 ಸಾವಿರ ಕಿಲೋಮೀಟರಿಗೂ ಹೆಚ್ಚಿನ ಬೆಳಕಿನ ದಾರಿ. ಸೌರಮಂಡಲದ ರಾಶಿಕೇಂದ್ರಕ್ಕೆ ಕಟ್ಟಿದ ಚೌಕಟ್ಟನ್ನು ಇಂಥ ಲೆಕ್ಕಗಳಿಗೆ ಬಳಸುವುದು ಇಂದಿನ ರೂಢಿ.

ಗುರುತ್ವವನ್ನು ಸೇರಿಸಿದರೆ ಇನ್ನೊಂದು ತಿರುವು. 1915ರ ಸಾರ್ವತ್ರಿಕ ಸಾಪೇಕ್ಷತೆಯ ಪ್ರಕಾರ ಭಾರಿ ವಸ್ತುವಿನ ಬಳಿ ಹಾದುಬರುವ ಬೆಳಕು ದೂರದ ಗಡಿಯಾರದ ಲೆಕ್ಕದಲ್ಲಿ ತಡವಾಗುತ್ತದೆ. ಅಮೆರಿಕದ ಅರ್ವಿನ್ ಶಪೀರೊ 1964ರಲ್ಲಿ ಇದನ್ನು ರೇಡಾರ್‌ನಿಂದ ಅಳೆಯಬಹುದೆಂದು ತೋರಿಸಿದ. ಬುಧ ಅಥವಾ ಶುಕ್ರ ಸೂರ್ಯನ ಆಚೆಗಿದ್ದಾಗ ಅಲ್ಲಿಗೆ ಹೋಗಿಬರುವ ರೇಡಾರ್ ಅಲೆ ಸೂರ್ಯನ ಅಂಚನ್ನು ಸವರಿ ಬರುವಾಗ ಸುಮಾರು 200 ಮೈಕ್ರೊಸೆಕೆಂಡ್ ತಡವಾಗಬೇಕು. ಮ್ಯಾಸಚೂಸೆಟ್ಸ್‌ನ ಹೇಸ್ಟ್ಯಾಕ್ ಆಂಟೆನಾದಿಂದ ನಡೆದ ಅಳತೆಗಳು ಅದನ್ನು ಕಂಡವು. ಮಂಗಳದ ಮೇಲಿಳಿದಿದ್ದ ವೈಕಿಂಗ್ ನೌಕೆಗಳು ನಿಖರತೆಯನ್ನು ಸಾವಿರದಲ್ಲೊಂದು ಪಾಲಿಗೆ ಒಯ್ದವು. 2002ರಲ್ಲಿ ಶನಿಯತ್ತ ಸಾಗುತ್ತಿದ್ದ ಕಸಿನಿ ನೌಕೆ ಅದನ್ನು ಲಕ್ಷದಲ್ಲಿ ಎರಡು ಪಾಲಿನಷ್ಟಕ್ಕೆ ಇಳಿಸಿತು. ಸೂರ್ಯನ ಅಂಚಿನಲ್ಲೇ ನಿಂತು ಅಳೆಯುವವನೊಬ್ಬನಿದ್ದರೆ ಅವನ ಅಕ್ಕಪಕ್ಕ ಹಾಯುವ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರೇ. ಈ ಅಂಕಿ 1983ರಿಂದ ಅಳೆದು ಪಡೆಯುವಂಥದಲ್ಲ, ಮೀಟರಿನ ವ್ಯಾಖ್ಯೆಯೊಳಗೇ ಕೂತಿದೆ. ತಡ ಕಾಣುವುದು ದೂರದ ಗಡಿಯಾರದಲ್ಲಿ ಮಾತ್ರ.

ವಿಶ್ವದ ಮಟ್ಟದಲ್ಲೂ ಚೌಕಟ್ಟಿನ ಆಯ್ಕೆ ತಪ್ಪಿದ್ದಲ್ಲ. ವಿಶ್ವದ ಮೂಲೆಮೂಲೆಯಿಂದ ಬರುವ ಸೂಕ್ಷ್ಮತರಂಗ ಹಿನ್ನೆಲೆ ಬೆಳಕು ಸುಮಾರು 1,380 ಕೋಟಿ ವರ್ಷ ಪಯಣಿಸಿದೆ ಎನ್ನುವಾಗ, ಆ ಹಿನ್ನೆಲೆ ಎಲ್ಲ ದಿಕ್ಕಿಗೂ ಸಮನಾಗಿ ಕಾಣುವಂತೆ ವಿಶ್ವದ ಹಿಗ್ಗುವಿಕೆಯೊಡನೆ ಸಾಗುವ ಗಡಿಯಾರಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಸೌರಮಂಡಲ ಅಂಥ ಚೌಕಟ್ಟಿನಲ್ಲಿಲ್ಲ. ಅದಕ್ಕೆ ಸಾಪೇಕ್ಷವಾಗಿ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ. ಆಕಾಶದ ಒಂದು ಬದಿಯ ಹಿನ್ನೆಲೆ ಬೆಳಕು ತುಸು ಬಿಸಿಯಾಗಿ, ಎದುರು ಬದಿಯದು ತುಸು ತಣ್ಣಗೆ ಕಾಣುವುದು ಈ ಚಲನೆಯಿಂದಲೇ.